ಏರಿಯಾ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸ ಬರೆಯುವ ಬಗೆ

ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರದ ಗಲ್ಲಿಗಳಲ್ಲಿ ಓಡಾಡಿದರೆ ಫುಟ್‌ಬಾಲ್ ಕ್ಲಬ್ಬುಗಳ ಬೋರ್ಡು ಕಣ್ಣಿಗೆ ಬೀಳುತ್ತವೆ. ಹೆಸರಿನ ಕೆಳಗೆ ‘ಸ್ಥಾಪನೆ’ ಅಂತ ಒಂದು ಇಸವಿ. ಅದು ಎಲ್ಲಿಂದ ಬಂತು ಅಂತ ಕೇಳಿದರೆ ಬರುವ ಉತ್ತರ ‘ದೊಡ್ಡೋರು ಹೇಳಿದ್ದು’. ಯಾವ ದೊಡ್ಡವರು, ಯಾವಾಗ ಹೇಳಿದರು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಈ ಊರಿನ ಫುಟ್‌ಬಾಲಿನ ದೊಡ್ಡ ಸಂಗತಿಗಳಿಗೆ ದಾಖಲೆ ಇದೆ. ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಮುಂಬೈನ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು, 1938ರಲ್ಲಿ ಮತ್ತೆ ಗೆದ್ದಿತು. ಮೈಸೂರು ತಂಡ (ಈಗಿನ ಕರ್ನಾಟಕ) 1946-47, 1952-53, 1967-68, 1968-69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ತಂದಿತು. ಅಲ್ಲಿಂದ ಮುಂದಿನ ಗೆಲುವಿಗೆ 2023ರ ತನಕ ಕಾಯಬೇಕಾಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇಲ್ಲಿಯವರೇ. ಇದನ್ನೆಲ್ಲ ಯಾರು ಬೇಕಾದರೂ ಹುಡುಕಿ ತೆಗೆಯಬಹುದು. ಲೀಗಿನ ಕೆಳಹಂತದ ಸಿ ಡಿವಿಷನ್ನಿನಲ್ಲಿ ಹುಟ್ಟಿ ಸಿ ಡಿವಿಷನ್ನಿನಲ್ಲೇ ಮುಗಿದ ಟೀಮು, ಲೀಗಿಗೆ ಹೆಸರನ್ನೇ ಕೊಡದೆ ಭಾನುವಾರದ ಫೈವ್ಸ್, ಸೆವೆನ್ಸ್ (ಐದೈದು, ಏಳೇಳು ಮಂದಿಯ ಆಟ) ಆಡಿಕೊಂಡೇ ಐವತ್ತು ವರ್ಷ ತಳ್ಳಿದ ಟೀಮು, ಇವುಗಳ ಕಥೆ ಮಾತ್ರ ಯಾರದೋ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿರುತ್ತದೆ.

ಇಂಗ್ಲೆಂಡಿನಲ್ಲಿ ಮೇಲಿನ ನಾಲ್ಕು ಹಂತದ 92 ಕ್ಲಬ್ಬುಗಳನ್ನು ಬಿಟ್ಟು ಉಳಿದವನ್ನು ನಾನ್‌ಲೀಗ್ ಅನ್ನುತ್ತಾರೆ. 1857ರಲ್ಲಿ ಶುರುವಾದ ಶೆಫೀಲ್ಡ್ ಎಫ್‌ಸಿ ಈಗ ಅಂಥದ್ದೇ ಒಂದು ಸಣ್ಣ ಕ್ಲಬ್ಬು. ಅದರ ಹಳೆಯ ನಿಯಮಗಳ ಪುಸ್ತಿಕೆ, ನಡಾವಳಿ, ಕಾಗದಪತ್ರಗಳು 2011ರಲ್ಲಿ ಲಂಡನ್ನಿನ ಹರಾಜಿನಲ್ಲಿ 8,81,250 ಪೌಂಡಿಗೆ ಹೋದವು. ನಮ್ಮ ಕ್ಲಬ್ಬುಗಳ ಮಿನಿಟ್ಸ್ ಪುಸ್ತಕ ಗುಜರಿಯವನ ತಕ್ಕಡಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ.

ಇತಿಹಾಸ ಬರೆಯಲು ಹೊರಟವರು ಸಾಮಾನ್ಯವಾಗಿ ಗೆದ್ದ ಕಪ್ಪುಗಳಿಂದ ಶುರು ಮಾಡುತ್ತಾರೆ. ಅದು ತಪ್ಪು ದಾರಿ. ಸಣ್ಣ ಕ್ಲಬ್ಬು ಗೆದ್ದದ್ದು ಕಡಿಮೆ, ಖರ್ಚು ಮಾಡಿದ್ದು ಪ್ರತಿ ವಾರ. ರಸೀತಿಯಿಂದ ಶುರು ಮಾಡಿ.

ಕಾಗದ ಕೂಡಿಸುವುದು

ಮೊದಲು ಹಳೆಯ ಸೆಕ್ರೆಟರಿ, ಖಜಾಂಚಿ, ಕ್ಯಾಪ್ಟನ್ನುಗಳ ಪಟ್ಟಿ ಮಾಡಿ. ತೀರಿಕೊಂಡವರ ಮನೆಗಳನ್ನೂ ಸೇರಿಸಿ. ಅದರಾಚೆಗೆ ಹೋಗಬೇಕಾದ ಜಾಗಗಳು: ಕ್ಲಬ್ಬಿಗೆ ಸ್ವಂತ ಕೋಣೆ ಇಲ್ಲದಿದ್ದಾಗ ವಿಳಾಸ ಕೊಟ್ಟಿದ್ದ ಟೀ ಅಂಗಡಿ ಅಥವಾ ಸೈಕಲ್ ಶಾಪು, ಜೆರ್ಸಿ ಹೊಲಿದ ಟೈಲರ್, ಟೂರ್ನಮೆಂಟಿಗೆ ಮೈಕು, ಶಾಮಿಯಾನ ಕೊಟ್ಟವರು, ಚಂದಾ ಕೊಡುತ್ತಿದ್ದ ದೇವಸ್ಥಾನ, ಮಸೀದಿ, ಚರ್ಚಿನ ಕಮಿಟಿ.

ಯಾವ ಮನೆಯಿಂದ ಏನನ್ನೇ ತಂದರೂ ಎರಡು ಪ್ರತಿಯಲ್ಲಿ ಪಟ್ಟಿ ಬರೆದು, ಸಹಿ ಹಾಕಿ, ಒಂದನ್ನು ಅಲ್ಲೇ ಕೊಡಿ. ವಾಪಸ್ ಕೊಡುವ ದಿನವನ್ನೂ ಬರೆಯಿರಿ. ‘ನಮ್ಮ ಅಪ್ಪನ ಫೋಟೋ ತಗೊಂಡು ಹೋದೋರು ಕೊಡಲೇ ಇಲ್ಲ’ ಅನ್ನುವ ಒಂದು ದೂರು ಏರಿಯಾದಲ್ಲಿ ಹಬ್ಬಿದರೆ ಉಳಿದ ಬಾಗಿಲುಗಳೂ ಮುಚ್ಚಿಕೊಳ್ಳುತ್ತವೆ. ಕೊಡಲು ಹಿಂಜರಿದರೆ ಒತ್ತಾಯ ಬೇಡ, ಅಲ್ಲೇ ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದುಕೊಳ್ಳಿ.

ಟ್ರಂಕು ತೆರೆದ ತಕ್ಷಣ ಎಲ್ಲವನ್ನೂ ಬಿಸಿಲಿಗೆ ಹರಡಬೇಡಿ. ಒದ್ದೆ ಕಾಗದ ಬಿಸಿಲಿಗೆ ಸುರುಳಿ ಸುತ್ತಿಕೊಳ್ಳುತ್ತದೆ, ಶಾಯಿ ಮಾಸುತ್ತದೆ. ನೆರಳಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಕಡೆ ಒಣಗಿಸಿ, ಮೆತ್ತನೆಯ ಪೇಂಟಿಂಗ್ ಬ್ರಶ್ಶಿನಿಂದ ಧೂಳು ತೆಗೆಯಿರಿ. ಹುಳು ಇದ್ದರೆ ಔಷಧಿ ಸಿಂಪಡಿಸಬೇಡಿ. ಒಣಗಿದ ಕಾಗದವನ್ನು ಎರಡು ಪದರ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ನೀರು ಕೂರುತ್ತದೆ. ಹರಿದದ್ದಕ್ಕೆ ಸೆಲೋಟೇಪು ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟು ಒಳಗೊಳಗೇ ಹಳದಿಯಾಗುತ್ತದೆ, ಬಿಡಿಸಲು ಬರುವುದಿಲ್ಲ.

ರಸೀತಿ ಓದುವುದು

ಅಂಗೈ ಅಗಲದ ಒಂದು ಚಂದಾ ರಸೀತಿ ಕೈಗೆ ಸಿಕ್ಕಿತು ಅಂದುಕೊಳ್ಳಿ. ದಿನಾಂಕದ ಜಾಗದಲ್ಲಿ ಬರೀ ದಿನ, ತಿಂಗಳು ಇದೆ, ಇಸವಿ ಇಲ್ಲ. ಬಿಸಾಡಬೇಡಿ, ಇಸವಿ ಬೇರೆ ಕಡೆ ಅಡಗಿರುತ್ತದೆ.

ಮೊತ್ತದ ಅಂಕಣ ನೋಡಿ. ರೂಪಾಯಿ, ಆಣೆ, ಪೈ ಅಂತ ಮೂರು ಮನೆ ಇದ್ದರೆ ಆ ಪುಸ್ತಕ ಅಚ್ಚಾಗಿದ್ದು ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ಕ್ಕೆ ಮೊದಲು. ‘ನಯೇ ಪೈಸೆ’ ಅಂತಿದ್ದರೆ 1957ರಿಂದ 1964ರ ಒಳಗೆ. ಆಮೇಲೆ ‘ನಯೇ’ ಬಿದ್ದುಹೋಗಿ ಬರೀ ಪೈಸೆ ಆಯಿತು. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡು ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಬೆಂಗಳೂರು-8’ ಅಂತ ಮಾತ್ರ ಇದ್ದರೆ ಅದರಿಂದ ಏನೂ ತೀರ್ಮಾನವಾಗದು, ಏಕೆಂದರೆ 560008 ಬಂದ ಮೇಲೂ ಜನ ಬಹಳ ವರ್ಷ ಹಾಗೇ ಬರೆಯುತ್ತಿದ್ದರು. ‘ಮೈಸೂರು ರಾಜ್ಯ’ ಅಂತ ಅಚ್ಚಾಗಿದ್ದರೆ 1973ರ ನವೆಂಬರ್ 1ಕ್ಕೆ ಮೊದಲಿನದು. ಎಂಟು ಅಂಕಿಯ ಫೋನ್ ನಂಬರು ಇದ್ದರೆ ಈ ಶತಮಾನದ್ದು. ಕೆಲವು ಪುಸ್ತಕಗಳಲ್ಲಿ ‘195’ ಅಂತ ಮೂರು ಅಂಕಿ ಅಚ್ಚು ಹಾಕಿ ಕೊನೆಯದನ್ನು ಬರೆಯಲು ಬಿಟ್ಟಿರುತ್ತಾರೆ. ದಶಕ ಪುಕ್ಕಟೆ ಸಿಕ್ಕಿತು.

ಎಡವುವುದು ಎಲ್ಲಿ ಅಂದರೆ, ಅಚ್ಚಾದ ಕಾಲವೇ ಬೇರೆ, ಬಳಸಿದ ಕಾಲವೇ ಬೇರೆ. ಬಡ ಕ್ಲಬ್ಬು ಒಮ್ಮೆ ಹತ್ತು ಪುಸ್ತಕ ಅಚ್ಚು ಹಾಕಿಸಿದರೆ ಹತ್ತು ವರ್ಷ ಬಳಸುತ್ತದೆ. ಆಣೆಯ ಮನೆ ಹೊಡೆದುಹಾಕಿ ಪಕ್ಕದಲ್ಲಿ ಪೈಸೆ ಬರೆದಿರುವ ರಸೀತಿ ಸಿಕ್ಕರೆ ಅದು ಬದಲಾವಣೆಯ ಕಾಲದ್ದು, ಅದಕ್ಕೆ ಬೆಲೆ ಹೆಚ್ಚು. ಆದ್ದರಿಂದ ಪ್ರತಿ ರಸೀತಿಗೂ ‘ಇದಕ್ಕಿಂತ ಮೊದಲಲ್ಲ’ ಮತ್ತು ‘ಇದರ ನಂತರ ಅಲ್ಲ’ ಅಂತ ಎರಡು ಇಸವಿ ಬರೆಯಿರಿ. ಕ್ರಮಸಂಖ್ಯೆ ಪ್ರಕಾರ ಜೋಡಿಸಿದರೆ ಇಸವಿ ಗೊತ್ತಿರುವ ಎರಡು ರಸೀತಿಗಳ ನಡುವೆ ಗೊತ್ತಿಲ್ಲದವು ತಾವಾಗಿ ಬಂದು ಕೂರುತ್ತವೆ.

ಖರ್ಚಿನ ವೋಚರುಗಳು ಇನ್ನೂ ಚೆನ್ನ. ಚೆಂಡಿನೊಳಗಿನ ಬ್ಲಾಡರ್, ಲೇಸು, ಚೆಂಡು ಹೊಲಿಸಿದ ಕೂಲಿ, ಗೆರೆ ಹಾಕಲು ಸುಣ್ಣ, ಕಾಲಿಗೆ ಕಟ್ಟುವ ಬ್ಯಾಂಡೇಜು, ಹಾಫ್ ಟೈಮಿಗೆ ಸೋಡಾ, ಕಿತ್ತಳೆ. ಯಾವ ತಿಂಗಳು ಸುಣ್ಣ ಕೊಂಡಿದ್ದಾರೋ ಆ ತಿಂಗಳು ಸ್ವಂತ ಮೈದಾನದಲ್ಲಿ ಪಂದ್ಯ ನಡೆಸಿರಬಹುದು. ಬಸ್ಸು ಬಾಡಿಗೆ ಇದ್ದರೆ ಹೊರಊರಿನ ಟೂರ್ನಮೆಂಟು. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರವೇಶ ಶುಲ್ಕದ ರಸೀತಿ. ಅದರಲ್ಲಿ ಟೂರ್ನಮೆಂಟಿನ ಹೆಸರು, ದಿನಾಂಕ ಎರಡೂ ಇರುತ್ತವೆ. ಅದನ್ನು ಹಿಡಿದುಕೊಂಡು ಲೈಬ್ರರಿಗೆ ಹೋಗಬೇಕು.

ಪತ್ರಿಕೆಯಲ್ಲಿ ಹುಡುಕುವುದು

ಡೆಕ್ಕನ್ ಹೆರಾಲ್ಡ್ 1948ರ ಜೂನಿನಲ್ಲಿ, ಪ್ರಜಾವಾಣಿ ಅದೇ ವರ್ಷ ಅಕ್ಟೋಬರಿನಲ್ಲಿ ಶುರುವಾದವು. ಅದಕ್ಕೆ ಹಿಂದಿನದಕ್ಕೆ ತಾಯಿನಾಡು, ಮದರಾಸಿನಿಂದ ಬರುತ್ತಿದ್ದ ಹಿಂದೂ ಪತ್ರಿಕೆಗಳನ್ನು ನೋಡಬೇಕು. ಶಿವಾಜಿನಗರ ಕಡೆಯ ಕ್ಲಬ್ಬಾದರೆ ಸಾಲಾರ್, ಪಾಸ್ಬಾನ್‌ನಂಥ ಉರ್ದು ಪತ್ರಿಕೆಗಳನ್ನು ಮರೆಯಬೇಡಿ. ಓದಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, ಬಸವನಗುಡಿಯ ವಿಶ್ವಸಂಸ್ಕೃತಿ ಸಂಸ್ಥೆ, ಈ ಮೂರರಿಂದ ಶುರು ಮಾಡಬಹುದು. ಯಾವ ವರ್ಷದ ಯಾವ ಪತ್ರಿಕೆ ಬೇಕು ಅಂತ ಮೊದಲೇ ಕೇಳಿಕೊಂಡು ಹೋಗಿ. ಸುಮ್ಮನೆ ‘ಹಳೇ ಪೇಪರ್ ನೋಡಬೇಕು’ ಅಂದರೆ ಎಲ್ಲಿಯೂ ಕೆಲಸ ಆಗುವುದಿಲ್ಲ.

ಇಡೀ ವರ್ಷದ ಸಂಪುಟ ತಿರುವಿಹಾಕಬೇಡಿ. ರಸೀತಿಯ ದಿನಾಂಕದಿಂದ ಮುಂದಕ್ಕೆ ಎರಡು ಮೂರು ವಾರ ನೋಡಿ. ಸಣ್ಣ ಕ್ಲಬ್ಬಿಗೆ ತಲೆಬರಹ ಸಿಗುವುದಿಲ್ಲ; ಕ್ರೀಡಾಪುಟದ ತಳದಲ್ಲಿ, ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಸಿಕ್ಕರೆ ಅದೇ ಹಬ್ಬ. ‘ಇಂದಿನ ಪಂದ್ಯಗಳು’ ಅನ್ನುವುದು ಆಟ ನಡೆದದ್ದಕ್ಕೆ ಸಾಕ್ಷಿಯಲ್ಲ. ಮಳೆ ಬಂದಿರಬಹುದು, ಎದುರಾಳಿ ಬಾರದೆ ವಾಕೋವರ್ ಆಗಿರಬಹುದು. ಮರುದಿನದ ಫಲಿತಾಂಶ ಸಿಗುವ ತನಕ ಆ ಪಂದ್ಯವನ್ನು ಖಾತೆಗೆ ಹಾಕಬೇಡಿ. ಫೋಟೋ ತೆಗೆಯುವಾಗ ಮೊದಲು ಪತ್ರಿಕೆಯ ಹೆಸರು, ದಿನಾಂಕ ಇರುವ ಮೇಲ್ಭಾಗ, ಆಮೇಲೆ ಸುದ್ದಿ; ಈ ಕ್ರಮ ತಪ್ಪಿದರೆ ಮನೆಗೆ ಬಂದ ಮೇಲೆ ನೂರು ತುಣುಕು ಕೈಯಲ್ಲಿರುತ್ತದೆ, ಯಾವುದು ಯಾವ ದಿನದ್ದು ಗೊತ್ತಾಗುವುದಿಲ್ಲ.

ಹೆಸರುಗಳ ಗೊಂದಲ ಇಲ್ಲಿಯೇ ಶುರುವಾಗುವುದು. ದಂಡು ಪ್ರದೇಶ 1947ರ ಜುಲೈ 26ರ ತನಕ ಬ್ರಿಟಿಷರ ಆಡಳಿತದಲ್ಲಿತ್ತು, ಪೇಟೆ ಮೈಸೂರು ಸಂಸ್ಥಾನದ್ದು. ಎರಡಕ್ಕೂ ಬೇರೆ ಬೇರೆ ಪುರಸಭೆ. 1949ರಲ್ಲಿ ಕೂಡಿ ಒಂದೇ ಕಾರ್ಪೊರೇಶನ್ ಆಯಿತು. ಬ್ಲ್ಯಾಕ್‌ಪಲ್ಲಿ ಅಂದರೆ ಈಗಿನ ಶಿವಾಜಿನಗರ, ಸೌತ್ ಪರೇಡ್ ಅಂದರೆ ಎಂ.ಜಿ. ರಸ್ತೆ, ಅಲಸೂರು ಅಂದರೆ ಹಲಸೂರು, ಫ್ರೇಜರ್ ಟೌನು ಪುಲಕೇಶಿನಗರ, ಆಸ್ಟಿನ್ ಟೌನು ಕಿಟೆಲ್ ನಗರ. ಹಿರಿಯ ಆಟಗಾರರು ‘ಸ್ಟೇಡಿಯಂ’ ಅಂದರೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಸಂಪಂಗಿ ಕೆರೆಯ ಜಾಗದಲ್ಲಿರುವ ಕಂಠೀರವ ಅಂದುಕೊಂಡು ಬರೆದರೆ ನಗೆಪಾಟಲು. ಡಿವಿಷನ್ನುಗಳಿಗೂ ಇದೇ ನಿಯಮ. ‘ಎ ಡಿವಿಷನ್’ ಅಂತ ಸಿಕ್ಕರೆ ಆ ವರ್ಷ ಅದರ ಮೇಲೆ ಬೇರೆ ಡಿವಿಷನ್ ಇತ್ತೇ ಅಂತ ನೋಡಿ, ಆಗಿನ ಹೆಸರನ್ನೇ ಉಳಿಸಿಕೊಂಡು ‘ಮೇಲಿನಿಂದ ಇಷ್ಟನೇ ಹಂತ’ ಅಂತ ಪಕ್ಕದಲ್ಲಿ ಸೇರಿಸಿ.

ನೋಂದಣಿ ಕಡತ

ಕ್ಲಬ್ಬು ರಿಜಿಸ್ಟರ್ ಆಗಿದ್ದರೆ ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ಕಡತ ಇರಬೇಕು. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಮಂದಿ ಸಹಿ ಹಾಕಿದ ಜ್ಞಾಪನಪತ್ರ ಬೇಕಿತ್ತು. ಸ್ಥಾಪಕರು ಯಾರು ಅನ್ನುವ ಜಗಳಕ್ಕೆ ಇದಕ್ಕಿಂತ ಒಳ್ಳೆಯ ತೀರ್ಪುಗಾರ ಇಲ್ಲ. ಹೆಸರು, ವಿಳಾಸ, ಕಸುಬು ಸಮೇತ ಸಿಕ್ಕರೆ ಆ ಕಾಲದಲ್ಲಿ ಕ್ಲಬ್ಬು ಯಾರ ಕೈಯಲ್ಲಿತ್ತು ಅನ್ನುವುದೂ ತಿಳಿಯುತ್ತದೆ. ಕಚೇರಿಯಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕ್ಲಬ್ಬಿನ ಮಹಿಮೆ ವರ್ಣಿಸುತ್ತ ಕೂತರೆ ಅರ್ಜಿ ತಿರಸ್ಕಾರವಾಗುತ್ತದೆ. ನೋಂದಣಿ ಸಂಖ್ಯೆ, ವರ್ಷ, ಬೇಕಾದ ದಾಖಲೆ, ಇಷ್ಟು ಬರೆದರೆ ಸಾಕು. ನೋಂದಣಿ ಸಂಖ್ಯೆ ಹಳೆಯ ಲೆಟರ್‌ಹೆಡ್ಡಿನ ಮೂಲೆಯಲ್ಲೋ ರಬ್ಬರ್ ಸ್ಟ್ಯಾಂಪಿನಲ್ಲೋ ಸಿಗುತ್ತದೆ.

ಟೀಮ್ ಫೋಟೋ

ಗಾಜಿನ ಚೌಕಟ್ಟಿನ ಹಳೆಯ ಫೋಟೋ ತೇವಕ್ಕೆ ಗಾಜಿಗೇ ಅಂಟಿಕೊಂಡಿರುತ್ತದೆ. ಎಳೆದರೆ ಮುಖಗಳು ಗಾಜಿನ ಮೇಲೇ ಉಳಿಯುತ್ತವೆ. ಚೌಕಟ್ಟಿನ ಸಮೇತ ನೆಟ್ಟಗೆ ನಿಲ್ಲಿಸಿ, ಎರಡೂ ಬದಿಯಿಂದ ಓರೆಯಾಗಿ ಬೆಳಕು ಬೀಳುವಂತೆ ಮಾಡಿ; ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಿಡಿಸಿದರೆ ನಿಮ್ಮ ಪ್ರತಿಬಿಂಬ ಬರುವುದಿಲ್ಲ. ಬಿಡಿ ಫೋಟೋಗಳನ್ನು 600 ಡಿಪಿಐಯಲ್ಲಿ, ಪಾಸ್‌ಪೋರ್ಟ್ ಗಾತ್ರದವನ್ನು 1200ರಲ್ಲಿ, ಕಾಗದಪತ್ರಗಳನ್ನು 300ರಲ್ಲಿ ಸ್ಕ್ಯಾನ್ ಮಾಡಿ. ಮೂಲ ಪ್ರತಿ ಟಿಫ್ ಆಗಿರಲಿ, ವಾಟ್ಸಾಪಿಗೆ ಬೇರೆ ಜೆಪೆಗ್. ವಾಟ್ಸಾಪಿನಲ್ಲಿ ಬಂದ ಫೋಟೋವನ್ನೇ ಪುಸ್ತಕಕ್ಕೆ ಹಾಕಿದರೆ ಮುಖಗಳೆಲ್ಲ ಹಿಟ್ಟು ಮೆತ್ತಿದ ಹಾಗೆ ಕಾಣುತ್ತವೆ. ಅಂಟಿನ ಆಲ್ಬಮ್ಮಿನಿಂದ ಬಿಡಿಸಲು ಮೇಣವಿಲ್ಲದ ಹಲ್ಲಿನ ದಾರವನ್ನು ಫೋಟೋದ ಅಡಿಯಲ್ಲಿ ಗರಗಸದ ಹಾಗೆ ನಿಧಾನ ಎಳೆಯಿರಿ. ಹಿಂಬದಿಯಲ್ಲಿ ಬರೆಯಲು 2ಬಿ ಪೆನ್ಸಿಲ್ಲೇ ಬೇಕು, ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ.

ಈಗ ಫೋಟೋವನ್ನು ಓದಿ. ಮುಂದಿನ ಸಾಲಿನ ನಡುವೆ ಕೂತವನ ಕಾಲ ಬಳಿ ಚೆಂಡು ಇರುತ್ತದೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಇಸವಿಯೋ ಕ್ಲಬ್ಬಿನ ಅಕ್ಷರಗಳೋ ಇರಬಹುದು. ಭೂತಗನ್ನಡಿ ಹಿಡಿದು ನೋಡಿ. ಚೆಂಡಿಗೆ ಲೇಸು ಕಟ್ಟಿದ್ದರೆ ಹಳೆಯದು. ಕಪ್ಪು ಬಿಳುಪಿನ 32 ತುಂಡಿನ ಚೆಂಡು 1970ರ ವಿಶ್ವಕಪ್ಪಿನಿಂದ ಮನೆಮಾತಾದದ್ದು, ಆದ್ದರಿಂದ ಅದು ಕಂಡರೆ ಬಹುಮಟ್ಟಿಗೆ ಎಪ್ಪತ್ತರ ದಶಕ ಅಥವಾ ಈಚೆಗೆ. ಬರಿಗಾಲಿನಲ್ಲಿ ನಿಂತಿದ್ದರೆ ಹುಷಾರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 1-10ರಲ್ಲಿ ಸೋತ ಮೇಲೆ ಬೂಟು ಕಡ್ಡಾಯವಾಯಿತು ಅನ್ನುವುದು ನಿಜ, ಆದರೆ ಬೂಟಿಗೆ ದುಡ್ಡಿಲ್ಲದ ಗಲ್ಲಿಯ ಟೀಮುಗಳನ್ನು ಆ ನಿಯಮ ತಲುಪಲು ಕಾಲ ಹಿಡಿಯಿತು. ಬರಿಗಾಲು ಕಂಡ ತಕ್ಷಣ ‘1952ಕ್ಕೆ ಮೊದಲು’ ಅಂತ ಬರೆಯಬೇಡಿ. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಅದರ ವಿಳಾಸಕ್ಕೂ ಫೋನ್ ನಂಬರಿಗೂ ರಸೀತಿಯ ಲೆಕ್ಕವೇ.

ಕಪ್ಪು, ಶೀಲ್ಡುಗಳ ಅಕ್ಷರ ಸವೆದಿರುವುದಕ್ಕೆ ಕಾರಣ ವರ್ಷವರ್ಷ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದು. ಮತ್ತೆ ತಿಕ್ಕಬೇಡಿ. ದೀಪ ಆರಿಸಿ, ಟಾರ್ಚನ್ನು ಲೋಹಕ್ಕೆ ತಾಗುವಷ್ಟು ಓರೆಯಾಗಿ ಹಿಡಿದರೆ ಕೆತ್ತನೆಯ ನೆರಳು ಎದ್ದು ಕಾಣುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಆಗುತ್ತದೆ.

ಹಿರಿಯರನ್ನು ಕೇಳುವುದು

‘ಯಾವ ಇಸವಿ?’ ಅಂತ ಕೇಳಲೇಬೇಡಿ. ಕೇಳಿದರೆ ಒಂದು ಇಸವಿ ಹೇಳುತ್ತಾರೆ, ಹೇಳಿದ ಮೇಲೆ ಅದನ್ನು ಬಿಟ್ಟುಕೊಡುವುದಿಲ್ಲ. ‘ಅಣ್ಣಾ, ಆ ಫೈನಲ್ ಆಡಿದಾಗ ನೀವು ಫ್ಯಾಕ್ಟರಿಗೆ ಸೇರಿದ್ರಾ? ಮದುವೆ ಆಗಿತ್ತಾ?’ ಅಂತ ಕೇಳಿ. ಬೆಂಗಳೂರಿನವರಿಗೆ ಗಟ್ಟಿ ಗುರುತುಗಳಿವೆ: 1975ರ ಎಮರ್ಜೆನ್ಸಿ, 1980-81ರಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳೆಲ್ಲ ನಿಂತ 77 ದಿನಗಳ ಮುಷ್ಕರ, 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ, 1982ರ ಗೋಕಾಕ್ ಚಳವಳಿ, 2000ದ ಜುಲೈನಲ್ಲಿ ರಾಜ್‌ಕುಮಾರ್ ಅಪಹರಣ. ಫ್ಯಾಕ್ಟರಿ ಟೀಮಿನ ಕಡೆಗೆ ಆಟಗಾರರು ಹೋದದ್ದೇ ಎಷ್ಟೋ ಏರಿಯಾ ಕ್ಲಬ್ಬುಗಳ ಮುಖ್ಯ ತಿರುವು. ಫುಟ್‌ಬಾಲಿನಿಂದ ಕೆಲಸ ಸಿಕ್ಕಿತು, ಕ್ಲಬ್ಬಿಗೆ ಸೆಂಟರ್ ಫಾರ್ವರ್ಡ್ ಹೋದ. ಆದ್ದರಿಂದ ಕೆಲಸಕ್ಕೆ ಸೇರಿದ ತಾರೀಕಿನ ಪತ್ರ ತೋರಿಸುತ್ತೀರಾ ಅಂತ ವಿನಯದಿಂದ ಕೇಳಿ; ಎಷ್ಟೋ ಮನೆಗಳಲ್ಲಿ ಅದು ಬೀರುವಿನಲ್ಲಿ ಭದ್ರವಾಗಿರುತ್ತದೆ.

ಒಂದು ಕೂರಿಕೆ 45 ನಿಮಿಷ ಸಾಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಟೇಬಲ್ಲಿನ ಮೇಲೆ ಟವೆಲ್ ಮಡಿಸಿ ಅದರ ಮೇಲಿಡಿ, ಫ್ಯಾನು ಆರಿಸಿ. ಶುರುವಿನಲ್ಲೇ ಹೆಸರು, ದಿನಾಂಕ, ಧ್ವನಿಮುದ್ರಣಕ್ಕೆ ಒಪ್ಪಿಗೆ ಹೇಳಿಸಿಕೊಳ್ಳಿ. ಟೀಮ್ ಫೋಟೋ ಕೈಗೆ ಕೊಟ್ಟು ಎಡದಿಂದ ಬಲಕ್ಕೆ ಹೆಸರು ಹೇಳಿಸಿ. ಅಡ್ಡಹೆಸರು ಮಾತ್ರ ನೆನಪಿದ್ದರೆ ಅದನ್ನೇ ಬರೆದುಕೊಳ್ಳಿ, ನಿಜವಾದ ಹೆಸರು ಇನ್ನೊಬ್ಬರಿಂದ ಸಿಗುತ್ತದೆ. ತಮಿಳಿನಲ್ಲೋ ದಖನಿಯಲ್ಲೋ ಮಾತು ಹರಿದರೆ ಹರಿಯಲಿ, ಕನ್ನಡಕ್ಕೆ ಎಳೆಯಬೇಡಿ. ಎಳೆದರೆ ಮಾತು ಚಿಕ್ಕದಾಗುತ್ತದೆ. ಮೊದಲು ಒಬ್ಬೊಬ್ಬರನ್ನೇ, ಆಮೇಲೆ ಇಬ್ಬರನ್ನು ಒಟ್ಟಿಗೆ ಕೂರಿಸಿ. ಮೊದಲೇ ಒಟ್ಟಿಗೆ ಕೂರಿಸಿದರೆ ಜೋರು ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಮನೆಯ ಹೆಂಗಸರನ್ನೂ ಕೇಳಿ. ಆಡಿದವರಿಗೆ ಗೋಲು ನೆನಪಿರುತ್ತದೆ, ಜೆರ್ಸಿಯ ಬಣ್ಣ ನೆನಪಿರುವುದು ಅದನ್ನು ಒಗೆದವರಿಗೆ.

ನೆನಪು ಜಾರುವುದನ್ನು ಆಟದ ನಿಯಮಗಳೇ ಹಿಡಿದುಕೊಡುತ್ತವೆ. ಪೆನಾಲ್ಟಿ ಶೂಟೌಟು ನಿಯಮಕ್ಕೆ ಸೇರಿದ್ದು 1970ರಲ್ಲಿ. ಹಳದಿ, ಕೆಂಪು ಕಾರ್ಡು ಬಳಕೆಗೆ ಬಂದದ್ದು ಅದೇ ವರ್ಷದ ವಿಶ್ವಕಪ್ಪಿನಲ್ಲಿ. ‘ಅರವತ್ತೆರಡರಲ್ಲಿ ನನಗೆ ರೆಡ್ ಕಾರ್ಡ್ ಕೊಟ್ಟರು’ ಅಂದರೆ ಹೊರಗೆ ಹಾಕಿದ್ದು ನಿಜವಿರಬಹುದು, ಕಾರ್ಡು ಅಥವಾ ಇಸವಿ ತಪ್ಪು. ಗೆಲುವಿಗೆ ಎರಡು ಅಂಕ ಕೊಡುತ್ತಿದ್ದ ಕಾಲದ ಪಟ್ಟಿಯನ್ನು ಈಗಿನ ಮೂರು ಅಂಕದ ಲೆಕ್ಕಕ್ಕೆ ತಿದ್ದಬೇಡಿ.

ಒಂದೇ ಖಾತೆ

ಸ್ಪ್ರೆಡ್‌ಶೀಟಿನಲ್ಲಿ ಒಂದು ಪಂದ್ಯಕ್ಕೆ ಒಂದು ಸಾಲು: ದಿನಾಂಕ, ಟೂರ್ನಮೆಂಟು, ಸುತ್ತು, ಎದುರಾಳಿ, ಮೈದಾನ, ಗೋಲು, ಹೊಡೆದವರು, ಆಧಾರ, ದರ್ಜೆ. ದರ್ಜೆ ಅಂದರೆ ಆ ಕಾಲದ ಅಚ್ಚಿನ ಅಥವಾ ಕೈಬರಹದ ದಾಖಲೆಗೆ ‘ಅ’, ಇಬ್ಬರು ಬೇರೆ ಬೇರೆಯಾಗಿ ಹೇಳಿದ್ದಕ್ಕೆ ‘ಆ’, ಒಬ್ಬರೇ ಹೇಳಿದ್ದಕ್ಕೆ ‘ಇ’. ಆಟಗಾರರಿಗೆ ಇನ್ನೊಂದು ಹಾಳೆ, ಅದರಲ್ಲಿ ಶಣ್ಮುಗಂ, ಷಣ್ಮುಗಂ, ಷಣ್ಮುಖಂ ಮೂವರೂ ಒಬ್ಬರೇ ಅನ್ನುವುದು ಖಾತ್ರಿಯಾಗುವ ತನಕ ಮೂರು ಸಾಲು. ಬೇಗ ಕೂಡಿಸಿದರೆ ಅಣ್ಣತಮ್ಮಂದಿರು ಒಬ್ಬರಾಗಿಬಿಡುತ್ತಾರೆ.

ಸ್ಥಾಪನೆಯ ಇಸವಿಗೆ ಒಂದೇ ಅಂಕಿ ಹುಡುಕಬೇಡಿ. ಸಿಕ್ಕ ಅತಿ ಹಳೆಯ ರಸೀತಿ, ಪತ್ರಿಕೆಯಲ್ಲಿ ಮೊದಲ ಉಲ್ಲೇಖ, ನೋಂದಣಿ, ಲೀಗಿಗೆ ಸೇರಿದ ವರ್ಷ, ಈ ನಾಲ್ಕನ್ನೂ ಬೇರೆ ಬೇರೆ ಕೊಡಿ. ಬೋರ್ಡಿನ ಇಸವಿ ಐದನೆಯದು, ಅದಕ್ಕೆ ‘ಇ’ ದರ್ಜೆ. ಕಮಿಟಿಯವರು ಮುನಿಸಿಕೊಳ್ಳಬಹುದು. ಬೋರ್ಡನ್ನು ಅಳಿಸಿ ಅಂತ ನೀವು ಹೇಳುತ್ತಿಲ್ಲವಲ್ಲ.

ಅಚ್ಚಿಗೆ

ಡೆಮಿ 1/8 ಆಕಾರದಲ್ಲಿ 16 ಪುಟಕ್ಕೆ ಒಂದು ಫಾರಂ, ಆದ್ದರಿಂದ 80 ಅಥವಾ 96 ಪುಟಕ್ಕೆ ಹೊಂದಿಸಿ; 83 ಪುಟ ಅಂದರೆ 13 ಖಾಲಿ ಪುಟಕ್ಕೆ ದುಡ್ಡು ಕೊಟ್ಟ ಹಾಗೆ. ಒಳಗೆ 70 ಅಥವಾ 80 ಜಿಎಸ್‌ಎಂ ತೂಕದ ಮ್ಯಾಪ್ಲಿಥೋ ಕಾಗದ, ಫೋಟೋಗಳಿಗೆ ಬೇರೆ 8 ಪುಟ ಆರ್ಟ್ ಪೇಪರ್. ಪ್ರತಿ 300ರ ಒಳಗಿದ್ದರೆ ಡಿಜಿಟಲ್ ಸಾಕು. ಪ್ರೆಸ್ಸಿನವರು ಫೈಲನ್ನು ನುಡಿ ಅಥವಾ ಶ್ರೀಲಿಪಿ ಫಾಂಟಿಗೆ ಬದಲಾಯಿಸಿಕೊಂಡರೆ ಯೂನಿಕೋಡಿನ ಅರ್ಕಾವತ್ತು, ಒತ್ತಕ್ಷರ ಕೆಡುತ್ತವೆ. ‘ಫುಟ್‌ಬಾಲ್’ ಅನ್ನುವ ಪದವೇ ಟಕಾರಕ್ಕೆ ಬಕಾರದ ಒತ್ತು ಬಿದ್ದು ಬರುತ್ತದೆ, ಅದೂ ಪುಟಕ್ಕೆ ಹತ್ತು ಸಲ. ಬದಲಾದ ಮೇಲಿನ ಪ್ರತಿಯನ್ನು ಕಾಗದದ ಮೇಲೆ ತೆಗೆಸಿ ಪೂರ್ತಿ ಓದಿ, ಪರದೆಯಲ್ಲಿ ಓದಿ ಸಹಿ ಹಾಕಬೇಡಿ.

ಫೋಟೋದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಪತ್ರಿಕೆಯ ಫೋಟೋ ಬಳಸುವುದಾದರೆ ಅನುಮತಿ ಪತ್ರ ಪಡೆಯಿರಿ. ಸುದ್ದಿಯ ಸ್ಕೋರನ್ನು ನಿಮ್ಮ ಮಾತಿನಲ್ಲಿ ಬರೆಯಲು ಅಡ್ಡಿಯಿಲ್ಲ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. 1954ರ ಕಾಯ್ದೆಯ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಕಬ್ಬನ್ ಪಾರ್ಕಿನ ಗ್ರಂಥಾಲಯಕ್ಕೂ ಒಂದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕ್ಲಬ್ಬಿನಲ್ಲಿ ಉಳಿಸಿಕೊಳ್ಳುವ ಐದು ಪ್ರತಿಗಳಿಗೆ ಬೈಂಡರ್ ಹತ್ತಿರ ಹೇಳಿ ಕೊನೆಯಲ್ಲಿ ಎಂಟೆಂಟು ಖಾಲಿ ಹಾಳೆ ಸೇರಿಸಿ ಹೊಲಿಸಿ, ಪಕ್ಕದಲ್ಲಿ ದಾರ ಕಟ್ಟಿ ಪೆನ್ಸಿಲ್ ಇಡಿ. ಬಿಡುಗಡೆಯ ಸಂಜೆಯೇ ಯಾರಾದರೂ ಬಂದು ‘ಆ ಗೋಲು ಹೊಡೆದದ್ದು ಅವನಲ್ಲ’ ಅನ್ನುತ್ತಾರೆ. ಬರೆದು ಸಹಿ ಹಾಕಿ ಅಂತ ಪೆನ್ಸಿಲ್ ಕೈಗೆ ಕೊಡಿ.